ಏಳನೇ ಮಹಡಿಯ ಮೇಲೆ ಯಾರಿದ್ದರು

"ಲಿಫ್ಟ್ ನಡೆಸೋದೂ ಒಂದು ಕೆಲಸಾನಾ ಅಜ್ಜಿ? ಬಟನ್ ಒತ್ತಿದ್ರೆ ಅದೇ ಹೋಗುತ್ತಲ್ಲ?" ಎಂದು ಮೊಮ್ಮಗಳು ಕೇಳಿದಳು. ಅವಳು ದಿಲ್ಲಿ ಪಕ್ಕದ ಇಂದಿರಾಪುರಂನ ಹದಿನೈದನೇ ಮಹಡಿಯ ಮಗು. ಲಿಫ್ಟ್ ಎಂದರೆ ಅವಳಿಗೆ ಮನೆಯ ಹೊಸ್ತಿಲಿನಷ್ಟೇ ಸಾಧಾರಣ. ನನಗೆ ಹಾಗಾಗಲಿಲ್ಲ. ಅಷ್ಟು ವರ್ಷ ನಡೆಸಿದ ಮೇಲೂ, ಬೆಳಿಗ್ಗೆ ಕಾಲ ಕೆಳಗಿನ ನೆಲ ಎದ್ದು ಹೊರಟಿತೆಂದರೆ ಹೊಟ್ಟೆಯಲ್ಲಿ ಏನೋ ಸರಿದಂತಾಗುತ್ತಿತ್ತು. ಹೆದರಿಕೆಯಲ್ಲ. ಇದು ಹೇಗೆ ಹೋಗುತ್ತದಪ್ಪಾ ಎನ್ನುವ ಬೆರಗು.

ಇಲ್ಲಿಯ ಕನ್ನಡದವರ ಸಂಘದಲ್ಲಿ, ದಿಲ್ಲಿಗೆ ಹೊಸದಾಗಿ ಕೆಲಸಕ್ಕೆ ಬರುವ ಮಕ್ಕಳಿಗಾಗಿ ಹಳಬರು ತಮ್ಮ ಕೆಲಸದ ವಿಷಯ ಬರೆಯಿರಿ ಎಂದರು. ಆಫೀಸರುಗಳೆಲ್ಲ ಬರೆಯುತ್ತಾರೆ, ತಾವು ಎಷ್ಟು ಮೇಲೆ ಹೋದೆವು ಎಂದು. ಅವರನ್ನು ದಿನಾ ಮೇಲೆ ಹೊತ್ತುಕೊಂಡು ಹೋದವಳು ನಾನು. ನಾನೂ ಬರೆದರೆ ತಪ್ಪೇನಿಲ್ಲ. ಓದಿದ್ದು ನಾಲ್ಕನೇ ಕ್ಲಾಸು. ಕಾಗುಣಿತ ಸೊಸೆ ತಿದ್ದಿದ್ದಾಳೆ. ಮಾತು ತಿದ್ದಬೇಡ ಎಂದು ಹೇಳಿದ್ದೇನೆ.

ನಮ್ಮದು ಹಿರಿಯೂರಿನ ಕಡೆ. ನಮ್ಮ ಮನೆಯವರು ಊರ ಕಡೆಯ ಅಧಿಕಾರಿಯೊಬ್ಬರ ಮನೆಯಲ್ಲಿ ಅಡುಗೆಗೆಂದು ದಿಲ್ಲಿಗೆ ಬಂದು, ಅವರ ದಯೆಯಿಂದ ಒಂದು ಸರ್ಕಾರಿ ಕಟ್ಟಡದಲ್ಲಿ ಲಿಫ್ಟ್‌ಮ್ಯಾನ್ ಆದವರು. ಕಾಮಾಲೆಯಾಗಿ ತೀರಿಹೋದರು. ಅವರ ಜಾಗ ನನಗೆ ಬಂತು. ಹೆಂಗಸು ಲಿಫ್ಟ್ ನಡೆಸುವುದುಂಟೇ ಎಂದು ನಾಲ್ಕು ದಿನ ಕಟ್ಟಡದಲ್ಲೆಲ್ಲ ಮಾತಾಯಿತು. ಲಿಫ್ಟಿಗೆ ಅದು ಗೊತ್ತಾಗಲಿಲ್ಲ, ನನ್ನ ಕೈಗೂ ಅದು ಹೋಗುತ್ತಿತ್ತು.

ಆ ಕಾಲದ ಲಿಫ್ಟ್ ಈಗಿನಂತಲ್ಲ. ಬಟನ್ ಇರಲಿಲ್ಲ. ಗೋಡೆಯಲ್ಲಿ ಹಿತ್ತಾಳೆಯ ಒಂದು ಹಿಡಿ. ಬಲಕ್ಕೆ ತಿರುಗಿಸಿ ಹಿಡಿದುಕೊಂಡರೆ ಮೇಲೆ, ಎಡಕ್ಕಾದರೆ ಕೆಳಗೆ. ಕೈ ಬಿಟ್ಟಿರೋ, ಹಿಡಿ ತಾನಾಗಿ ನಡುವಿಗೆ ಬಂದು ಲಿಫ್ಟ್ ಇದ್ದಲ್ಲೇ ನಿಲ್ಲುತ್ತದೆ. ಬಾಗಿಲೆಂದರೆ ಎಳೆದು ಮುಚ್ಚುವ ಕಬ್ಬಿಣದ ಜಾಲರಿ. ಲಿಫ್ಟಿನ ಗೂಡನ್ನು ಸುತ್ತಿಕೊಂಡೇ ಮೆಟ್ಟಿಲು ಹತ್ತುತ್ತಿತ್ತು, ಕಂಬಕ್ಕೆ ಬಳ್ಳಿ ಸುತ್ತಿದ ಹಾಗೆ. ಒಳಗಿದ್ದವರಿಗೆ ಮೆಟ್ಟಿಲ ಮೇಲಿನವರು ಕಾಣುತ್ತಿದ್ದರು, ಅವರಿಗೆ ಇವರು ಕಾಣುತ್ತಿದ್ದರು.

ಕಲಿಸಿದವರು ರಾಮ್‌ದೀನ್ ಚಾಚಾ ಎಂಬ ಹಳೆಯ ಲಿಫ್ಟ್‌ಮ್ಯಾನ್. ಮೊದಲ ದಿನ ಮೂರನೇ ಮಹಡಿ ದಾಟುವಷ್ಟರಲ್ಲಿ ನನಗೆ ವಾಂತಿಯಾಯಿತು. ಚಾಚಾ ಬಯ್ಯಲಿಲ್ಲ. "ಬೆಹೆನ್ ಜೀ, ಸರಿಯುವ ಗೋಡೆ ನೋಡಬೇಡಿ. ಜನರ ಕಾಲು ನೋಡಿ. ಕಾಲು ಅಲ್ಲಾಡುವುದಿಲ್ಲ" ಎಂದರು. ಅದೇ ರೂಢಿಯೂ ಆಗಿತ್ತು. ಲಿಫ್ಟ್ ನಡೆಸುವವರು ಸಾಹೇಬರ ಮುಖ ನೋಡುವಂತಿಲ್ಲ, ಕೇಳದೆ ಮಾತಾಡುವಂತಿಲ್ಲ. ಹಾಗಾಗಿ ನನಗೆ ಆ ಕಟ್ಟಡದವರೆಲ್ಲ ಚಪ್ಪಲಿಯಿಂದ, ಶೂನಿಂದ ಗುರುತು. ರಸ್ತೆಯಲ್ಲಿ ಮುಖ ಕಂಡರೆ ಯಾರೆಂದು ತಿಳಿಯುತ್ತಿರಲಿಲ್ಲ, ಕೆಳಗೆ ನೋಡಿದ ಮೇಲೆ ನಮಸ್ಕಾರ ಮಾಡುತ್ತಿದ್ದೆ.

ಕೆಲಸದ ಕಷ್ಟವೆಲ್ಲ ನಿಲ್ಲಿಸುವುದರಲ್ಲಿತ್ತು. ಲಿಫ್ಟಿನ ನೆಲ, ಮಹಡಿಯ ನೆಲ ಎರಡೂ ಕೂಡಬೇಕು. ಸ್ವಲ್ಪ ಮೊದಲೇ ಕೈ ಬಿಟ್ಟರೆ ತಗ್ಗು, ತಡವಾದರೆ ದಿಣ್ಣೆ. ಒಬ್ಬ ಸಾಹೇಬರಿಗೆ ಆಗ ತಾನೇ ಬಡ್ತಿಯಾಗಿ ಎರಡನೇ ಮಹಡಿಯಿಂದ ಐದಕ್ಕೆ ಕೋಣೆ ಬದಲಾಗಿತ್ತು. ಮೊದಲ ದಿನ ಹೂಮಾಲೆ ಹಾಕಿಸಿಕೊಂಡೇ ಲಿಫ್ಟ್ ಹತ್ತಿದರು. ನಾನು ನಿಲ್ಲಿಸುವಾಗ ನಾಲ್ಕು ಬೆರಳು ತಗ್ಗಾಯಿತು. ಅವರು ತಲೆಯೆತ್ತಿ ಬಾಗಿಲ ಮೇಲಿನ ಐದು ಎಂಬ ಅಂಕಿಯನ್ನೇ ನೋಡುತ್ತ ಕಾಲಿಟ್ಟರು. ಮಾಲೆಯ ಸಮೇತ ಕಾರ್ಪೆಟ್ಟಿನ ಮೇಲೆ ಬಿದ್ದರು. ಬಯ್ಗುಳ ನನಗೆ ಬಂತು, ಬರಬೇಕಾದದ್ದೇ. ಆದರೆ ಅವರು ಕೆಳಗೆ ನೋಡಿದ್ದರೆ ಬೀಳುತ್ತಿರಲಿಲ್ಲ. ಎರಡನೇ ಮಹಡಿಯಲ್ಲಿದ್ದಾಗ ದಿನಾ "ಊಟ ಆಯಿತಾ ಅಮ್ಮಾ ಜೀ" ಎಂದು ಕೇಳುತ್ತಿದ್ದವರು, ಐದಕ್ಕೆ ಹೋದ ಮೇಲೆ ಕೇಳುವುದು ಬಿಟ್ಟರು. ನಿವೃತ್ತರಾಗಿ ಯಾವುದೋ ಕೆಲಸಕ್ಕೆ ನೆಲಮಹಡಿಗೆ ಬಂದ ದಿನ ಮತ್ತೆ ಕೇಳಿದರು. ನನಗೆ ಕೋಪ ಬರಲಿಲ್ಲ. ಎತ್ತರದಲ್ಲಿ ಕಿವಿ ಕಟ್ಟುತ್ತದೆಯಂತೆ, ವಿಮಾನದಲ್ಲಿ ಹೋದವರು ಹೇಳುತ್ತಾರೆ.

ಆ ಕಟ್ಟಡದಲ್ಲಿ ಮಹಡಿಗೊಂದು ವಾಸನೆ. ನೆಲಮಹಡಿಯಲ್ಲಿ ಕ್ಯಾಂಟೀನಿನ ಬ್ರೆಡ್ ಪಕೋಡ. ಎರಡು, ಮೂರರಲ್ಲಿ ಹಳೆಯ ಕಾಗದ. ಐದರಲ್ಲಿ ಕಾರ್ಪೆಟ್ ಶುರುವಾಗಿ ಹೆಜ್ಜೆಯ ಸದ್ದು ಅಡಗುತ್ತಿತ್ತು. ಏಳರಲ್ಲಿ ಏನೂ ಇರಲಿಲ್ಲ, ವಾಸನೆಯೂ ಇಲ್ಲ, ಸದ್ದೂ ಇಲ್ಲ. ಅಲ್ಲಿ ದೊಡ್ಡ ಸಾಹೇಬರು ಕೂರುತ್ತಿದ್ದರು. ಜಾಲರಿ ಸರಿಸಿದರೆ ತಂಪು ಗಾಳಿ ಮುಖಕ್ಕೆ ಬಡಿಯುತ್ತಿತ್ತು, ನೀರಿನ ಹೂಜಿ ಇಟ್ಟ ದೇವರ ಮನೆಯ ಹಾಗೆ. ನಾನು ಅಲ್ಲಿ ಕೆಮ್ಮನ್ನೂ ನುಂಗಿಕೊಳ್ಳುತ್ತಿದ್ದೆ.

ಅಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, "ಊಪರ್ ಸೆ". ಮೇಲಿನಿಂದ. ಫ್ಯಾನ್ ರಿಪೇರಿ ಯಾಕಾಗಿಲ್ಲ? ಊಪರ್ ಸೆ ಒಪ್ಪಿಗೆ ಬರಬೇಕು. ಕ್ಯಾಂಟೀನಿನ ಬೆಂಚು ಯಾಕೆ ತೆಗೆದರು? ಊಪರ್ ಸೆ ಆರ್ಡರ್. ಹೇಳುವಾಗ ಕಣ್ಣು ಎತ್ತುವುದಿಲ್ಲ, ಒಂದು ಬೆರಳು ಮಾತ್ರ ಮೇಲಕ್ಕೆ. ನಮ್ಮೂರಲ್ಲಿ ಯಾರಾದರೂ ಸತ್ತರೆ, ಮಳೆ ಹೋದರೆ ಹೀಗೆಯೇ ಬೆರಳೆತ್ತಿ "ಮೇಲಿನವನ ಇಚ್ಛೆ" ಎನ್ನುತ್ತಿದ್ದರು. ದೇವರ ವಿಷಯದಲ್ಲಿ ನಾನು ಯಾವತ್ತೂ ವಿಚಾರಿಸಲು ಹೋದವಳಲ್ಲ. ಇಲ್ಲಿಯೂ ಹೋಗಲಿಲ್ಲ. ಮೇಲೆ ಯಾರೋ ಇದ್ದಾರೆ, ಅವರಿಗೆ ಫ್ಯಾನಿನಿಂದ ಹಿಡಿದು ಬೆಂಚಿನವರೆಗೂ ಎಲ್ಲ ಕಾಣುತ್ತದೆ ಎಂದು ಬಹಳ ವರ್ಷ ನಂಬಿದ್ದೆ. ದಿನಾ ಏಳನೇ ಮಹಡಿಗೆ ಹೋಗಿ ಬರುತ್ತಿದ್ದವಳು ನಾನೇ, ಆದರೂ ನಂಬಿದ್ದೆ.

ಈಗ ಸುಮಿತ್ರಾಳ ವಿಷಯ. ಇದನ್ನು ಬರೆಯುವುದಕ್ಕೇ ಇಷ್ಟೆಲ್ಲ ಹೇಳಿದ್ದು.

ಸುಮಿತ್ರಾ ಆರನೇ ಮಹಡಿಯ ಟೈಪಿಸ್ಟ್. ನಮ್ಮ ಕನ್ನಡದ ಹುಡುಗಿ, ಆದರೆ ಹುಟ್ಟಿ ಬೆಳೆದದ್ದು ಲೋಧಿ ಕಾಲೋನಿಯ ಸರ್ಕಾರಿ ಮನೆಯಲ್ಲಿ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಎಡಗಾಲು ಸೊರಗಿತ್ತು. ಆ ಕಾಲಿಗೆ ಕಬ್ಬಿಣದ ಪಟ್ಟಿ, ಕೈಯಲ್ಲಿ ಕೋಲು. ಅಪ್ಪ ಗುಮಾಸ್ತರಾಗಿದ್ದು ನಿವೃತ್ತರಾಗಿ ಹಾಸಿಗೆ ಹಿಡಿದಿದ್ದರು. ಮನೆ ಈಗ ಅವಳ ನೌಕರಿಯ ಮೇಲೆ ಅವಳ ಹೆಸರಿಗಾಗಿತ್ತು. ನೌಕರಿ ಹೋದರೆ ಮನೆಯೂ ಹೋಗುತ್ತದೆ. ಆ ಅಪ್ಪನನ್ನು ಕಟ್ಟಿಕೊಂಡು ದಿಲ್ಲಿಯಲ್ಲಿ ಬಾಡಿಗೆ ಮನೆ ಹುಡುಕುವುದು ಅವಳಿಂದಾಗುವ ಕೆಲಸವಲ್ಲ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಕಟ್ಟಡಕ್ಕೆ ತಾನಾಗಿ ನಡೆಯುವ ಹೊಸ ಲಿಫ್ಟ್ ಬರುತ್ತದೆ ಎಂದರು. ಇದ್ದ ಎರಡರಲ್ಲಿ ಒಂದನ್ನು ಕಿತ್ತು ಹಾಕಿದರು. ಉಳಿದದ್ದು ನನ್ನದು. ಒಂದು ಸೋಮವಾರ ಕೇರ್‌ಟೇಕರ್ ತ್ಯಾಗಿ ಬಂದ. ಕಟ್ಟಡದ ಬೀಗ, ಬಲ್ಬು, ಪೊರಕೆ, ಲಿಫ್ಟ್ ಎಲ್ಲ ಅವನ ಉಸ್ತುವಾರಿ.

"ಸುನೋ ಮದ್ರಾಸನ್," ಎಂದ. ವಿಂಧ್ಯದ ಕೆಳಗಿನವರೆಲ್ಲ ಅವನಿಗೆ ಮದ್ರಾಸಿನವರೇ. "ಇವತ್ತಿನಿಂದ ಈ ಲಿಫ್ಟಿನಲ್ಲಿ ಐದನೇ ಮಹಡಿಯಿಂದ ಮೇಲಿನ ಅಫ್ಸರ್‌ಗಳು ಮಾತ್ರ. ಸ್ಟಾಫ್ ಎಲ್ಲ ಮೆಟ್ಟಿಲು. ಊಪರ್ ಸೆ ಆರ್ಡರ್ ಹೈ."

"ಹೊಸದು ಬರುವವರೆಗಾ?"

"ಆರ್ಡರ್ ಇರೋವರೆಗೆ."

"ಆರನೇ ಮಹಡಿಯಲ್ಲಿ ಆ ಹುಡುಗಿ ಇದೆಯಲ್ಲ, ಕಾಲಿನದ್ದು?"

ತ್ಯಾಗಿಗೂ ಅವಳನ್ನು ನೋಡಿದರೆ ಪಾಪ ಅನಿಸುತ್ತಿತ್ತು, ಕೆಟ್ಟ ಮನುಷ್ಯನಲ್ಲ. ತಲೆ ಕೆರೆದುಕೊಂಡು ಬೆರಳು ಮೇಲಕ್ಕೆ ತೋರಿಸಿ ಹೊರಟುಹೋದ.

ಹೊಸದು ಬರಲು ತಿಂಗಳುಗಟ್ಟಲೆ ಹಿಡಿಯಿತು. ಸುಮಿತ್ರಾ ಮೆಟ್ಟಿಲು ಹತ್ತತೊಡಗಿದಳು. ಮೊದಲು ಕೋಲು, ಆಮೇಲೆ ಒಳ್ಳೆಯ ಕಾಲು, ಆಮೇಲೆ ಕಬ್ಬಿಣದ ಕಾಲು. ಟಕ್, ಒಂದು ಉಸಿರು, ಮತ್ತೆ ಟಕ್. ಗೂಡಿನ ಸುತ್ತ ಮೆಟ್ಟಿಲಾದ್ದರಿಂದ ಆ ಸದ್ದು ಲಿಫ್ಟಿನೊಳಗೆ ನನ್ನ ತಲೆಯ ಸುತ್ತಲೂ ತಿರುಗುತ್ತಿತ್ತು. ನಾನು ಖಾಲಿ ಲಿಫ್ಟಿನಲ್ಲಿ ಸ್ಟೂಲಿನ ಮೇಲೆ ಕೂತು ಅವಳ ಪಕ್ಕದಲ್ಲೇ ಮೇಲೆ ಹೋಗುತ್ತಿದ್ದೆ. ಜಾಲರಿಯಾಚೆ ಅವಳ ಕಾಲು ಬಂದು ಸರಿದುಹೋಗುತ್ತಿತ್ತು.

"ಹತ್ತಿಬಿಡೇ, ಯಾರೂ ಇಲ್ಲ" ಎಂದು ಒಂದು ದಿನ ಎರಡನೇ ಮಹಡಿಯಲ್ಲಿ ನಿಲ್ಲಿಸಿ ಕರೆದೆ.

"ರೆಹನೆ ದೋ ಆಂಟಿ. ಯಾರಾದ್ರೂ ದೇಖ್ ಲಿಯಾ ಅಂದ್ರೆ ನಿಮ್ಮ ನೌಕರಿಗೆ ಪ್ರಾಬ್ಲಮ್. ನಾನು ಧೀರೇ ಧೀರೇ ಚಡ್ತೀನಿ."

"ನಿನ್ನ ಕನ್ನಡ ಕೇಳಿದರೆ ನಿನ್ನ ಕಾಲಿಗಿಂತ ಹೆಚ್ಚು ಸಂಕಟ ಆಗುತ್ತೆ ನನಗೆ."

ನಕ್ಕಳು. ಆದರೆ ಬರಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಪಟ್ಟಿ ಒತ್ತಿ ಒತ್ತಿ ತೊಡೆಯಲ್ಲಿ ಹುಣ್ಣಾಯಿತು. ಮಧ್ಯಾಹ್ನ ಹೆಂಗಸರ ಕೋಣೆಯಲ್ಲಿ ಅವಳು ಔಷಧಿ ಹಚ್ಚಿಕೊಳ್ಳುವಾಗ ನಾನು ನೋಡಿದೆ. ನೋಡಬಾರದಿತ್ತು, ಅನ್ನ ಇಳಿಯಲಿಲ್ಲ.

"ಮೇಲಿನವರನ್ನ ಕೇಳಿದೆಯಾ?"

"ಕೇಳ್ದೆ ಆಂಟಿ. ನಮ್ಮ ಸೆಕ್ಷನ್ನಲ್ಲಿ ಏನಂತಾರೆ ಅಂದ್ರೆ, ಆರ್ಡರ್ ಯಾರು ಕೊಟ್ರೋ ಅವ್ರೇ ಛೂಟ್, ವಿನಾಯಿತಿ, ಕೊಡಬೇಕಂತೆ. ಯಾರು ಕೊಟ್ಟಿದ್ದು ಅಂತ ಯಾರಿಗೂ ಪತಾ ಇಲ್ಲ." ಪಟ್ಟಿಯ ಬಕಲ್ಲು ಬಿಗಿದುಕೊಂಡು ಹೇಳಿದಳು: "ಹೋಳಿವರೆಗೆ ನೋಡ್ತೀನಿ. ಆಮೇಲೆ ಬಿಡ್ತೀನಿ. ಪಾಪಾಗೆ ಇನ್ನೂ ಹೇಳಿಲ್ಲ."

ಆರ್ಡರ್ ಕೊಟ್ಟವರು ಯಾರೆಂದು ಕಂಡುಹಿಡಿಯುವುದು ಏನು ಮಹಾ ಕಷ್ಟ ಎಂದುಕೊಂಡೆ. ಎಲ್ಲ ಮಹಡಿಗೂ ಹೋಗುವವಳು ಆ ಕಟ್ಟಡದಲ್ಲಿ ನಾನೊಬ್ಬಳೇ. ತ್ಯಾಗಿಯಿಂದ ಶುರು ಮಾಡಿದೆ.

"ಊಪರ್ ಸೆ ಅಂದರೆ ಎಷ್ಟು ಊಪರ್?" ಎಂದೆ.

"ನೇಗಿ ಬಾಬು ಹೇಳಿದ್ದು. ಎರಡನೇ ಮಹಡಿ."

ನೇಗಿ ಬಾಬು ಬಾಯಿ ತುಂಬ ಕಡಲೆಕಾಯಿ ಇಟ್ಟುಕೊಂಡೇ ಬೆರಳೆತ್ತಿದರು. "ನಾನು ಯಾರು ಆರ್ಡರ್ ಕೊಡೋಕೆ? ನಾಲ್ಕನೇ ಮಹಡಿಯಿಂದ ಫೋನ್ ಬಂತು, ನಾನು ಕೆಳಗೆ ಹೇಳಿದೆ." ನಾಲ್ಕನೇ ಮಹಡಿಯ ಸಾಹೇಬರನ್ನು ನಾನು ನೇರವಾಗಿ ಕೇಳುವಂತಿಲ್ಲ, ಅವರ ಚಪರಾಸಿಯ ಕೈಲಿ ಕೇಳಿಸಿದೆ. ಅವನು ಮರುದಿನ ಬಂದು, "ಏಳನೇ ಮಹಡಿಯಿಂದಂತೆ" ಎಂದ. ಏಳನೇ ಮಹಡಿಯಲ್ಲಿ ದೊಡ್ಡ ಸಾಹೇಬರ ಪಿ.ಎ. ಒಬ್ಬ ಹೆಂಗಸು. ಅವಳು ಪಿಸುಮಾತಿನಲ್ಲಿ, "ಸಾಹೇಬರೇ ಹೇಳಿರಬೇಕು, ಇಲ್ಲದೆ ಆಗುತ್ತದೆಯೇ? ನನಗೆ ಗೊತ್ತಿರೋದು ಅವರು ಒಂದು ದಿನ ಲಿಫ್ಟ್ ತಡವಾಯಿತು ಅಂದಿದ್ದು" ಎಂದಳು.

ಅಷ್ಟು ಹೊತ್ತಿಗೆ ನನಗೆ ಮೈ ಜುಮ್ಮೆನ್ನತೊಡಗಿತ್ತು. ಒಂದು ಮಾತು ಕೆಳಗಿನಿಂದ ಏಳನೇ ಮಹಡಿಯವರೆಗೆ ಹೀಗೆ ನಿಂತಿದೆ, ಯಾರ ಕೈಯೂ ಅದನ್ನು ಹಿಡಿದಿಲ್ಲ, ಆದರೂ ಬೀಳುತ್ತಿಲ್ಲ. ಲಿಫ್ಟಿಗಾದರೂ ಹಗ್ಗವಿದೆ.

ಉಳಿದವರು ದೊಡ್ಡ ಸಾಹೇಬರು. ನಾನು ಅವರನ್ನು ಕಂಡದ್ದೆಲ್ಲ ಕರಿ ಶೂಗಳಷ್ಟೇ. ದಾರ ಎಳೆದು ಕಟ್ಟುವಂಥವು, ಮಳೆಗಾಲದಲ್ಲೂ ಅದರ ಮೇಲೆ ಒಂದು ಚುಕ್ಕೆ ಇರುತ್ತಿರಲಿಲ್ಲ. ಕೇಳದೆ ಮಾತಾಡಿದರೆ ಏನಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಯಾಕೆಂದರೆ ಯಾರೂ ಮಾತಾಡಿರಲಿಲ್ಲ. ನಾವಿದ್ದ ಗಾಜಿಯಾಬಾದಿನಿಂದ ಬರುವ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ನಿಂತು, ಏನು ಹೇಳಬೇಕೆಂದು ಹಿಂದಿಯಲ್ಲಿ ಬಾಯಿಪಾಠ ಮಾಡುತ್ತ ಬಂದೆ. ಪಕ್ಕದವಳು ಜಪ ಮಾಡುತ್ತಿದ್ದೇನೆ ಎಂದುಕೊಂಡು ಜಾಗ ಕೊಟ್ಟಳು.

ಆ ಬೆಳಿಗ್ಗೆ ಸಾಹೇಬರು ಒಬ್ಬರೇ ಹತ್ತಿದರು. ನಾನು ಜಾಲರಿ ಎಳೆದು ಹಿಡಿ ತಿರುಗಿಸಿದೆ. ಒಂದು ದಾಟಿತು, ಎರಡು, ಮೂರು. ಬಾಯಿ ತೆರೆಯಲಾಗಲಿಲ್ಲ. ನಾಲ್ಕೂ ಹೋಯಿತು. ಐದು ದಾಟುವಾಗ ಮೇಲಿನಿಂದ ಆ ಸದ್ದು ಕೇಳಿಸಿತು. ಟಕ್, ಉಸಿರು, ಟಕ್. "ಸಾಬ್" ಎಂದೆ. ಎಂದದ್ದೇ ತಡ, ಬೆವೆತ ಕೈ ಹಿಡಿಯಿಂದ ಜಾರಿತು. ಲಿಫ್ಟ್ ಐದು ಮತ್ತು ಆರರ ನಡುವೆ ನಿಂತುಬಿಟ್ಟಿತು.

ಹಾಗೆ ನಡುವೆ ನಿಲ್ಲಿಸುವುದು ಹೊಸಬರ ತಪ್ಪು. ಅಷ್ಟು ವರ್ಷದಲ್ಲಿ ನಾನು ಮಾಡಿರಲಿಲ್ಲ. ಜಾಲರಿಯಾಚೆ, ನಮ್ಮ ಕಣ್ಣಿನ ಮಟ್ಟಕ್ಕೆ, ಒಂದು ಮೆಟ್ಟಿಲ ಮೇಲೆ ಕಬ್ಬಿಣದ ಪಟ್ಟಿಯ ಕಾಲು. ಸುಮಿತ್ರಾ ಕಟಕಟೆ ಹಿಡಿದು ಬಗ್ಗಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಲಿಫ್ಟ್ ನಿಂತದ್ದು ನೋಡಿ ತಿರುಗಿದಳು. ಒಳಗೆ ಸಾಹೇಬರು. ಕೋಲು ಊರಿ ನೆಟ್ಟಗಾದಳು. "ಗುಡ್ ಮಾರ್ನಿಂಗ್ ಸರ್" ಎಂದಳು, ಆ ಸ್ಥಿತಿಯಲ್ಲೂ.

"ಇವರು ಯಾಕೆ ಮೆಟ್ಟಿಲು ಹತ್ತುತ್ತಿದ್ದಾರೆ?" ಎಂದು ಸಾಹೇಬರು ಕೇಳಿದರು. ನನ್ನನ್ನೇ ಕೇಳಿದ್ದು, ಬೇರೆ ಯಾರಿದ್ದರು. ನಾನು ಮೊದಲ ಸಲ ತಲೆಯೆತ್ತಿ ಅವರ ಮುಖ ನೋಡಿದೆ. ಅಂಥ ದೊಡ್ಡವರದು ಎಷ್ಟು ಸಾಧಾರಣ ಮುಖ. ಮೂಗಿನ ಮೇಲೆ ಕನ್ನಡಕ ಒತ್ತಿದ ಗುರುತು, ಗಲ್ಲದ ಕೆಳಗೆ ಗಡ್ಡ ಮಾಡುವಾಗ ಬಿಟ್ಟುಹೋದ ನಾಲ್ಕು ಕೂದಲು.

"ಆರ್ಡರ್ ಇದೆ ಸಾಬ್. ಸ್ಟಾಫಿನವರು ಲಿಫ್ಟ್ ಹತ್ತುವಂತಿಲ್ಲ."

"ಯಾರ ಆರ್ಡರ್?"

"ಊಪರ್ ಸೆ ಸಾಬ್. ನಿಮ್ಮದು ಅಂತಾರೆ."

ಸಾಹೇಬರು "ನಾನು ಕೊಟ್ಟಿಲ್ಲ" ಎಂದರು. "ನಾನು ಹತ್ತುವಾಗ ಯಾವಾಗಲೂ ಖಾಲಿ ಇರುತ್ತಿತ್ತು. ಜನ ನನ್ನ ಜೊತೆ ಬರಲು ಸಂಕೋಚಪಡುತ್ತಾರೆ ಎಂದುಕೊಂಡಿದ್ದೆ." ಆಮೇಲೆ ತಮ್ಮಷ್ಟಕ್ಕೇ ಹೇಳಿಕೊಳ್ಳುವವರಂತೆ, "ಊಪರ್ ಸೆ ಹೀ ಆಯಾ ಹೋಗಾ" ಎಂದರು.

ಮೇಲಿನಿಂದಲೇ ಬಂದಿರಬೇಕು. ದೊಡ್ಡ ಸಾಹೇಬರು, ಏಳನೇ ಮಹಡಿಯವರು, ಅವರ ಬೆರಳೂ ಅರ್ಧ ಮೇಲೆದ್ದಿತ್ತು.

ನಾನು ಹಿಡಿ ತಿರುಗಿಸಿದೆ. ಅವರನ್ನು ಏಳರಲ್ಲಿ ಇಳಿಸಿದೆ. ನೆಲ ನೆಲಕ್ಕೆ ಸರಿಯಾಗಿ ಕೂಡಿತು. ಅವರು ಹೋದ ಮೇಲೆ ಜಾಲರಿ ತೆರೆದಿಟ್ಟೇ, ಪಕ್ಕದ ಕಬ್ಬಿಣದ ಏಣಿ ಹಿಡಿದು ಮೇಲೆ ಹತ್ತಿದೆ. ಅಲ್ಲಿಗೆ ಹೋಗುತ್ತಿದ್ದವನು ಲಿಫ್ಟ್ ಮೆಕ್ಯಾನಿಕ್ ಮಾತ್ರ. ಏಳನೇ ಮಹಡಿಯ ಮೇಲೆ ಏನಿದೆ ಎಂದು ನಾನು ಒಂದು ದಿನವೂ ನೋಡಿರಲಿಲ್ಲ.

ಮೊದಲು ಸಿಕ್ಕಿದ್ದು ಮೋಟಾರಿನ ಕೋಣೆ. ನನ್ನನ್ನು ಅಷ್ಟು ವರ್ಷ ಎತ್ತಿ ಇಳಿಸಿದ್ದು ಅದೇ ಎಂದು ನಂಬಲಾಗಲಿಲ್ಲ. ಗಾಡಿಯ ಚಕ್ರದಷ್ಟು ದೊಡ್ಡ ಗಾಲಿ, ಅದರ ಮೇಲಿಂದ ಎಣ್ಣೆ ಹಚ್ಚಿದ ಉಕ್ಕಿನ ಹಗ್ಗಗಳು. ಹಗ್ಗದ ಒಂದು ತುದಿಯಲ್ಲಿ ನನ್ನ ಲಿಫ್ಟ್, ಇನ್ನೊಂದು ತುದಿಯಲ್ಲಿ ಕಬ್ಬಿಣದ ಭಾರ. ಇದು ಏರಿದಾಗ ಅದು ಇಳಿಯುತ್ತದೆ ಎಂದು ಮೆಕ್ಯಾನಿಕ್ ಹಿಂದೊಮ್ಮೆ ಹೇಳಿದ್ದ. ಅಷ್ಟು ಸಾಹೇಬರುಗಳು ಮೇಲೆ ಹೋಗುವಾಗಲೆಲ್ಲ ಕತ್ತಲಲ್ಲಿ ಆ ಭಾರ ಸದ್ದಿಲ್ಲದೆ ಕೆಳಗಿಳಿದಿತ್ತು. ಕೈಮುಗಿಯಬೇಕು ಅನಿಸಿತು. ಕೈಗೆ ಎಣ್ಣೆಯಾಗಿತ್ತು, ಮುಗಿಯಲಿಲ್ಲ.

ಅದರಾಚೆ ತಾರಸಿ. ನೀರಿನ ಟ್ಯಾಂಕುಗಳು. ಟ್ಯಾಂಕಿನ ಮೇಲೆ ಕೋತಿಗಳು, ಒಂದು ಮುದಿ ಕೋತಿ ಮರಿಯ ತಲೆ ನೋಡುತ್ತಿತ್ತು. ಅದು ನನ್ನತ್ತ ನೋಡಿ, ಇವಳೇನು ಮಾಡಿಯಾಳು ಎಂದು ಮತ್ತೆ ತನ್ನ ಕೆಲಸಕ್ಕೆ ತೊಡಗಿತು. ಗೋಡೆಯ ಹತ್ತಿರ ಹೋಗಿ ನಿಂತೆ. ದಿಲ್ಲಿ ಪೂರಾ ಬಿಚ್ಚಿಕೊಂಡಿತ್ತು. ಗುಂಬಜಗಳು, ಮರಗಳ ಹಸಿರು, ನೊಣಗಳಂತೆ ಕಾರುಗಳು, ಮಂಜಿನಲ್ಲಿ ಕಡ್ಡಿಯಷ್ಟು ಕುತುಬ್ ಮಿನಾರ್. ಯಮುನೆಯ ಆಚೆ ನಮ್ಮ ಕಡೆಗೆ ಹೊಸ ಹೊಸ ಕಟ್ಟಡಗಳು ಕ್ರೇನ್ ಹೊತ್ತು ಏಳುತ್ತಿದ್ದವು, ಇದಕ್ಕಿಂತ ಎಷ್ಟೋ ಎತ್ತರ. ಇಷ್ಟು ದೊಡ್ಡದಾದದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಗೋಡೆಯನ್ನು ಹಿಡಿದುಕೊಂಡೆ. ಕಣ್ಣಲ್ಲಿ ನೀರು ಬಂತು, ಅದು ಗಾಳಿಗೆ.

ಸುತ್ತಲೂ ತಿರುಗಿ ನೋಡಿದೆ. ಆರ್ಡರ್ ಕೊಡುವಂಥವರು ಯಾರೂ ಇರಲಿಲ್ಲ.

ಕೆಳಗೆ ಬಂದಾಗ ತ್ಯಾಗಿ ಲಿಫ್ಟಿನ ಬಾಗಿಲಲ್ಲೇ ಕಾಯುತ್ತಿದ್ದ. ಲಿಫ್ಟ್ ನಡುವೆ ನಿಂತ ಸುದ್ದಿ ಆಗಲೇ ಅವನಿಗೆ ಮುಟ್ಟಿತ್ತು.

"ಸಾಹೇಬರನ್ನ ನೇತಾಡಿಸಿದೆಯಂತೆ. ಏನಂದರು?"

ಅಲ್ಲಿಯವರೆಗೂ ನಾನು ಏನನ್ನೂ ನಿಶ್ಚಯಿಸಿರಲಿಲ್ಲ. ಬಾಯಿ ತಾನೇ ತೆರೆಯಿತು. "ನಾಳೆಯಿಂದ ಸ್ಟಾಫಿನಲ್ಲಿ ಯಾರಿಗೆ ಕಾಲಿನ ತೊಂದರೆ ಇದೆಯೋ ಅವರೆಲ್ಲ ಸಾಹೇಬರ ಲಿಫ್ಟಿನಲ್ಲೇ ಬರಬೇಕು" ಎಂದೆ.

"ಕಿಸ್ನೆ ಕಹಾ? ಯಾರು ಹೇಳಿದ್ದು?"

"ಊಪರ್ ಸೆ ಆರ್ಡರ್ ಹೈ."

ತ್ಯಾಗಿ ನನ್ನ ಮುಖ ನೋಡಿದ. ಅವನಿಗೂ ಅಷ್ಟು ವರ್ಷದ ಅನುಭವ. "ಬರವಣಿಗೆಯಲ್ಲಿ ಇದೆಯಾ?" ಎಂದ.

"ನಿನ್ನದು ಇತ್ತಾ?"

ನಾನು ಬೆರಳನ್ನು ಮೇಲಕ್ಕೆ ತೋರಿಸಿದೆ. ಅಷ್ಟೇ. ಅವನು ಮೇಲೆ ನೋಡಲಿಲ್ಲ, ಯಾರೂ ನೋಡುವುದಿಲ್ಲ. "ಅಚ್ಛಾ," ಎಂದ, "ಹಾಗಾದರೆ ಗೇಟಿನವರಿಗೂ ಹೇಳಿಬಿಡುತ್ತೇನೆ." ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ. ನಾಲ್ಕು ಪದ, ಒಂದು ಬೆರಳು. ಆ ಮೋಟಾರು, ಆ ಹಗ್ಗ, ಅಷ್ಟು ಭಾರ ಎಲ್ಲ ಸೇರಿ ಎಂಟು ಜನರನ್ನು ಎತ್ತುತ್ತಿತ್ತು. ಇದು ಇಡೀ ಕಟ್ಟಡವನ್ನು ಎತ್ತಿ ಇಳಿಸುತ್ತದಲ್ಲ ಎಂದು ದಿಗಿಲಾಯಿತು.

ಮರುದಿನ ಸುಮಿತ್ರಾಳ ಕೈ ಹಿಡಿದು ಒಳಗೆ ಎಳೆದುಕೊಂಡೆ. "ಆಂಟಿ, ಸರ್ ಬರ್ತಿದಾರೆ, ಮರ್‌ವಾ ದೋಗೀ, ನನ್ನ ಪ್ರಾಣ ತೆಗೆಸ್ತೀರಿ" ಎಂದಳು. ಸಾಹೇಬರು ಬಂದರು. ಅವಳನ್ನು ಕಂಡು ಮೂಲೆಗೆ ಸರಿದು ಕೋಲಿಗೆ ಜಾಗ ಬಿಟ್ಟರು. ಆರರಲ್ಲಿ ನಿಲ್ಲಿಸಿದೆ. ಸಾಹೇಬರಿದ್ದಾಗ ಲಿಫ್ಟ್ ನಡುವಿನ ಯಾವ ಮಹಡಿಯಲ್ಲೂ ನಿಂತದ್ದಿಲ್ಲ, ನೇರ ಏಳಕ್ಕೇ. ಜಾಲರಿ ಸರಿಯಿತು. ಟೈಪಿಂಗಿನ ಸದ್ದು, ಟಿಫಿನ್ ಡಬ್ಬಿಗಳ ಪರಾಠದ ವಾಸನೆ ಒಳಗೆ ನುಗ್ಗಿತು. ಸಾಹೇಬರು ಕತ್ತು ಚಾಚಿ ನೋಡಿದರು.

"ಅಚ್ಛಾ, ಆರನೇ ಮಹಡಿ ಹೀಗಿದೆಯಾ" ಎಂದರು.

ವಾರದೊಳಗೆ ಅರ್ಧ ಆಫೀಸು ಕುಂಟುತ್ತಿತ್ತು. ನೇಗಿ ಬಾಬು ಎಡಗಾಲು ಎಳೆಯುತ್ತ ಬಂದು, ಲಿಫ್ಟ್ ಇಳಿದ ಮೇಲೆ ಮರೆತು ಬಲಗಾಲು ಎಳೆಯುತ್ತ ಹೋಗುತ್ತಿದ್ದರು. ನಾನು ಎಲ್ಲರನ್ನೂ ಹತ್ತಿಸಿಕೊಂಡೆ. ಒಂದು ದಿನ ಸಾಹೇಬರು ಆ ಗುಂಪಿನ ನಡುವೆ ಒತ್ತಿಕೊಂಡು ನಿಂತು, "ನಮ್ಮಲ್ಲಿ ಇಷ್ಟು ಜನಕ್ಕೆ ಕಾಲುನೋವೇ?" ಎಂದು ಕೇಳಿದರು.

"ಮೆಟ್ಟಿಲು ಹತ್ತಿ ಹತ್ತಿ ಬಂದದ್ದು ಸಾಬ್" ಎಂದೆ.

ಸುಮಿತ್ರಾಳ ಹುಣ್ಣು ಹೋಳಿಯ ಹೊತ್ತಿಗೆ ಮಾಗಿತು. ನೌಕರಿ ಬಿಡುವ ಮಾತು ಮತ್ತೆ ಎತ್ತಲಿಲ್ಲ. ಅವಳ ಅಪ್ಪ ಲೋಧಿ ಕಾಲೋನಿಯ ಅದೇ ಮನೆಯಲ್ಲಿ, ಅದೇ ಹಾಸಿಗೆಯಲ್ಲಿ, ಮಗಳು ಹೀಗೆ ಯೋಚಿಸಿದ್ದಳು ಎಂದು ತಿಳಿಯದೆಯೇ ತೀರಿಕೊಂಡರು. ಹೊಸ ಲಿಫ್ಟ್ ಬಂತು. ಆಮೇಲೆ ನನ್ನದನ್ನೂ ಕಿತ್ತರು. ಹಿತ್ತಾಳೆಯ ಹಿಡಿಯನ್ನು ಕೇಳಿದೆ, ಕೊಡಲಿಲ್ಲ. ಬಟನ್ನಿನ ಲಿಫ್ಟಿನಲ್ಲಿ ಒಂದಷ್ಟು ಕಾಲ ಸುಮ್ಮನೆ ಕೂತು ನಿವೃತ್ತಳಾದೆ. ನೆಲ ನೆಲಕ್ಕೆ ಅದೇ ಕೂಡಿಸಿಕೊಳ್ಳುತ್ತಿತ್ತು, ನನಗಿಂತ ಚೆನ್ನಾಗಿ. ಅದನ್ನು ಒಪ್ಪಿಕೊಳ್ಳಬೇಕು.

ಎತ್ತರದ ಕಟ್ಟಡಗಳಿಗೆ ಕೆಲಸಕ್ಕೆ ಬರುವ ಮಕ್ಕಳೇ, ನಾನು ಕಂಡದ್ದು ಇಷ್ಟೇ. ಮೇಲಿನವರಿಗೆ ಹೆದರುವುದು ತಪ್ಪಲ್ಲ, ನಾನೂ ಹೆದರಿದವಳೇ. ಆದರೆ ಒಂದು ಸಲ ಹತ್ತಿ ನೋಡಿ ಬನ್ನಿ.

ಮೊನ್ನೆ ಚಳಿಗಾಲದಲ್ಲಿ ಸುಮಿತ್ರಾಳನ್ನು ನೋಡಲು ಚಕ್ಕುಲಿ ಡಬ್ಬಿ ಹಿಡಿದು ಅಲ್ಲಿಗೆ ಹೋಗಿದ್ದೆ. ಈಗಲೂ ಆರನೇ ಮಹಡಿಯಲ್ಲೇ ಇದ್ದಾಳೆ. ತ್ಯಾಗಿ ಇಲ್ಲ, ನೇಗಿ ಬಾಬು ಇಲ್ಲ, ದೊಡ್ಡ ಸಾಹೇಬರು ಎಷ್ಟೋ ಬದಲಾಗಿದ್ದಾರೆ. ಲಿಫ್ಟಿನ ಬಾಗಿಲಲ್ಲಿ ನೀಲಿ ಸಮವಸ್ತ್ರದ ಒಬ್ಬಳು ಹೆಂಗಸು. ಗುತ್ತಿಗೆಯವಳು, ನನ್ನನ್ನು ಬಲ್ಲವಳಲ್ಲ. ನಾನು ಒಳಗೆ ಕಾಲಿಡುವಷ್ಟರಲ್ಲಿ ಕೈ ಅಡ್ಡ ಹಿಡಿದಳು.

"ಮಾಜೀ, ಇದು ಅಫ್ಸರ್‌ಗಳ ಲಿಫ್ಟು." ಆಮೇಲೆ ನನ್ನ ನಡಿಗೆ ನೋಡಿ ದನಿ ತಗ್ಗಿಸಿದಳು. "ಮಂಡಿ ನೋವಿದೆಯಾ? ಇದ್ದರೆ ಹೇಳಿ. ಕಾಲಿನ ತೊಂದರೆ ಇರೋರು ಇದರಲ್ಲೇ ಹೋಗಬೇಕು ಅಂತ ಇದೆ. ಬಹಳ ಹಳೆಯ ಆರ್ಡರ್."

"ಯಾರದಮ್ಮಾ ಆರ್ಡರ್?" ಎಂದೆ.

ಅವಳು ಕಣ್ಣೆತ್ತಲಿಲ್ಲ. ಒಂದು ಬೆರಳನ್ನು ಮೇಲಕ್ಕೆ ತೋರಿಸಿದಳು. ನಾನೂ ಆ ಬೆರಳು ತೋರಿಸಿದ ಕಡೆ ತಲೆಯೆತ್ತಿ ನೋಡಿದೆ. ಒಂದು ಟ್ಯೂಬ್‌ಲೈಟ್ ಇತ್ತು.

ಮಂಡಿ ನೋವಿದೆ ಎಂದೆ. ಇತ್ತು ಕೂಡ.